ಗುಲಗಂಜಿಯ ತೂಕ

ವಸ್ತುಗಳ ಮೇಲಣ ಮೋಹದ ವಿಚಾರವಾಗಿ ಭಾರತೀಯ ದರ್ಶನಗಳು ಕೊಟ್ಟಿರುವಷ್ಟು ಎಚ್ಚರಿಕೆಯನ್ನು ಬೇರಾವುದರ ವಿಚಾರವಾಗಿಯೂ ಕೊಟ್ಟಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಭಗವದ್ಗೀತೆಯ ಎರಡನೆಯ ಅಧ್ಯಾಯವು, ವಿಷಯಗಳನ್ನೇ ಧ್ಯಾನಿಸುತ್ತಿರುವವನಲ್ಲಿ ಮೊದಲು ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ ಹುಟ್ಟಿ ಕಡೆಗೆ ಬುದ್ಧಿಯೇ ಕೆಡುವ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಯೋಗಸೂತ್ರವು ರಾಗವನ್ನು, ಎಂದರೆ ಒಮ್ಮೆ ಸುಖ ಕೊಟ್ಟ ವಸ್ತುವಿನ ಬೆನ್ನು ಹತ್ತುವ ಮನಸ್ಸಿನ ಒಲವನ್ನು, ಐದು ಕ್ಲೇಶಗಳಲ್ಲಿ ಒಂದೆಂದು ಎಣಿಸುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ದೊಡ್ಡ ವಿಚಾರಗಳೆಲ್ಲ ನಿತ್ಯಬಳಕೆಯ ಸಣ್ಣಪುಟ್ಟ ವಸ್ತುಗಳನ್ನು ಗಾಢವಾಗಿ ಪ್ರೀತಿಸಿದವರಿಂದಲೇ ಬಂದವು ಎಂಬ ಮಾತೂ ಈಚೆಗೆ ಬಹಳ ಚಲಾವಣೆಯಲ್ಲಿದೆ. ಒಂದು ಮಾತು ಮೋಹವನ್ನು ಬಿಟ್ಟರೆ ಮಾತ್ರ ಬುದ್ಧಿ ತಿಳಿಯಾಗುತ್ತದೆ ಎನ್ನುತ್ತದೆ, ಇನ್ನೊಂದು ಮೋಹವಿದ್ದಲ್ಲಿ ಮಾತ್ರ ಬುದ್ಧಿ ಕೆಲಸ ಮಾಡುತ್ತದೆ ಎನ್ನುತ್ತದೆ. ಎರಡೂ ಪೂರ್ತಿಯಾಗಿ ಸರಿಯಲ್ಲವೆಂಬುದನ್ನು ಕಾಣಲು ಕಪಿಲೆಯೂ ಕಾವೇರಿಯೂ ಕೂಡುವ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆ ವಿಶೇಷವಾಗಿ ಒದಗಿಬರುತ್ತದೆ, ಏಕೆಂದರೆ ಇಲ್ಲಿನ ಸ್ಥಳಪುರಾಣ, ಶಾಸ್ತ್ರ ಮತ್ತು ಕಲೆ ಮೂರೂ ಈ ಪ್ರಶ್ನೆಯನ್ನು ತಮ್ಮ ತಮ್ಮ ರೀತಿಯಲ್ಲಿ ಎದುರಿಸಿವೆ.

ನರಸೀಪುರದ ಗುಂಜಾನರಸಿಂಹಸ್ವಾಮಿಯ ಸ್ಥಳಪುರಾಣಕ್ಕೆ ಪಾಠಗಳು ಹಲವಿದ್ದರೂ ತಿರುಳು ಒಂದೇ ಆಗಿದೆ. ಹೊಳೆಯ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಅಗಸನೊಬ್ಬನ ಕನಸಿನಲ್ಲಿ ನರಸಿಂಹನು ಕಾಣಿಸಿಕೊಂಡು, ನೀನು ದಿನವೂ ಬಟ್ಟೆ ಬಡಿಯುವ ಕಲ್ಲಿನ ಕೆಳಗೇ ನಾನಿದ್ದೇನೆ, ನನಗೊಂದು ಗುಡಿ ಕಟ್ಟಿಸು ಎಂದನಂತೆ. ಕಾಶಿಗೆ ಹೋಗಬೇಕೆಂಬ ತನ್ನ ಬಹುದಿನದ ಆಸೆಯನ್ನು ಅಗಸನು ಹೇಳಿಕೊಂಡಾಗ, ಈ ಸ್ಥಳವೇ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚಿನದು ಎಂಬ ಉತ್ತರ ಬಂದಿತಂತೆ. ಅದರ ಗುರುತಾಗಿ ಮೂರ್ತಿಯ ಕೈಯಲ್ಲಿ ಇಂದಿಗೂ ಗುಲಗಂಜಿ ಇದೆ. ಈ ಕತೆಯಲ್ಲಿ ಗಮನಿಸಬೇಕಾದದ್ದು ದೇವರು ಕಲ್ಲಿನಡಿಯಲ್ಲಿ ಸಿಕ್ಕಿದ ವಿಷಯವಲ್ಲ, ಅಂಥ ಕತೆಗಳು ಕರ್ನಾಟಕದಲ್ಲಿ ಊರಿಗೊಂದು ಸಿಗುತ್ತವೆ. ಗಮನಿಸಬೇಕಾದದ್ದು ಅಳತೆ. ಕೆಂಪು ಮೈಯ, ಕಪ್ಪು ಮೂತಿಯ ಗುಲಗಂಜಿ ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನ ತೂಗಲು ಬಳಕೆಯಾಗುತ್ತಿದ್ದ ಬೀಜ. ಅದರ ಬೀಜಗಳು ಹೆಚ್ಚುಕಡಿಮೆ ಒಂದೇ ತೂಕ ತೂಗುತ್ತವೆಂಬ ಅನುಭವದ ಮೇಲೆ ಆ ಬಳಕೆ ನಿಂತಿತ್ತು. ಕ್ಷೇತ್ರದ ಹಿರಿಮೆಯನ್ನು ಸಾವಿರಪಟ್ಟು, ಕೋಟಿಪಟ್ಟು ಎಂದು ಹೊಗಳುವುದು ಮಾಹಾತ್ಮ್ಯಗಳ ರೂಢಿಯಾಗಿರುವಾಗ, ಈ ಕತೆ ಮಾತ್ರ ಮುಕ್ತಿಯ ಲೆಕ್ಕವನ್ನು ಅಂಗಡಿಯ ತಕ್ಕಡಿಗೆ ತಂದು, ಹೆಚ್ಚಳವನ್ನು ಅತ್ಯಂತ ಕಿರಿದಾದ ತೂಕದಲ್ಲಿ ಹೇಳುತ್ತದೆ. ಕಾಶಿಯನ್ನು ಇದು ತಿರಸ್ಕರಿಸುವುದಿಲ್ಲ. ಕಾಶಿಯಷ್ಟೇ ತೂಗಿಸಿ, ಮೇಲೆ ಒಂದು ಕಾಳು ಇಡುತ್ತದೆ.

ಸಂಗಮದ ಆಚೆ ದಡದ ಅಗಸ್ತ್ಯೇಶ್ವರನ ಕತೆಯೂ ಇದೇ ಜಾತಿಯದು. ಹನುಮಂತನು ತರಬೇಕಾಗಿದ್ದ ಲಿಂಗ ಮುಹೂರ್ತಕ್ಕೆ ಬಾರದೆ ಹೋದಾಗ ಅಗಸ್ತ್ಯನು ಕಾಲ ಕೆಳಗಿನ ಮರಳನ್ನೇ ಒಟ್ಟುಗೂಡಿಸಿ ಲಿಂಗ ಮಾಡಿದನೆಂದು ಅದು ಹೇಳುತ್ತದೆ. ಸಾಮಾನ್ಯವಾದ ಜಾಗದಲ್ಲೂ ದೇವರಿದ್ದಾನೆಂಬ ಈ ಮಾತು ಗ್ರೀಸಿನಲ್ಲೂ ಉಂಟು: ಚಳಿ ಕಾಯಿಸಿಕೊಳ್ಳುತ್ತ ಒಲೆಯ ಬಳಿ ಕುಳಿತಿದ್ದ ಗ್ರೀಕ್ ತತ್ತ್ವಜ್ಞಾನಿ ಹೆರಾಕ್ಲಿಟಸನನ್ನು ಕಂಡು ಬಾಗಿಲಲ್ಲೇ ಹಿಂಜರಿದ ಅತಿಥಿಗಳಿಗೆ, ಒಳಗೆ ಬನ್ನಿ, ಇಲ್ಲಿಯೂ ದೇವತೆಗಳಿದ್ದಾರೆ ಎಂದು ಅವನು ಹೇಳಿದನೆಂಬ ಪ್ರಸಂಗವನ್ನು ಅರಿಸ್ಟಾಟಲನು ಪ್ರಾಣಿಗಳ ಅಂಗಾಂಗಗಳ ಮೇಲಿನ ತನ್ನ ಗ್ರಂಥದಲ್ಲಿ ನೆನೆಯುವುದು, ಕೀಳೆಂದು ತೋರುವ ಪ್ರಾಣಿಗಳನ್ನು ಅಧ್ಯಯನ ಮಾಡಲು ಹೇಸಬಾರದೆಂಬುದಕ್ಕೆ ಸಮರ್ಥನೆಯಾಗಿ. ಗ್ರೀಸಿನಲ್ಲಿ ಅದು ವಿದ್ವಾಂಸನ ಮಾತಾಗಿ ಬಂದಿತು. ನರಸೀಪುರದಲ್ಲಿ ಅಗಸನ ಕನಸಾಗಿ ಬಂದಿತು.

ಆದರೆ ಪುರಾಣವು ಮಾಡಿಕೊಂಡ ಅನುಕೂಲ ಶಾಸ್ತ್ರಕ್ಕೆ ಇಲ್ಲ. ಒಗೆಯುವ ಕಲ್ಲಿನಡಿಯಲ್ಲಿ ದೇವರಿದ್ದಾನೆ ಎಂದ ಮಾತ್ರಕ್ಕೆ ಕಲ್ಲಿಗೆ ಬೆಲೆ ಬಂದಂತೆ ಆಗುವುದಿಲ್ಲ, ಬೆಲೆಯೆಲ್ಲ ಅಡಿಯಲ್ಲಿರುವುದಕ್ಕೇ ಸೇರಿಬಿಡುತ್ತದೆ. ಕಲ್ಲು ಕಲ್ಲಾಗಿಯೇ, ಮಡಕೆ ಮಡಕೆಯಾಗಿಯೇ ಸತ್ಯವೇ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆ ಭಾರತೀಯ ತರ್ಕದ ಇತಿಹಾಸದಲ್ಲೇ ಅತ್ಯಂತ ಬಿಗಿಯಾದ ಉತ್ತರಗಳಲ್ಲೊಂದನ್ನು ಕೊಟ್ಟವರು ಇದೇ ತಾಲ್ಲೂಕಿನ ಬನ್ನೂರಿನಲ್ಲಿ ಹುಟ್ಟಿದ ವ್ಯಾಸರಾಯರು ಅಥವಾ ವ್ಯಾಸತೀರ್ಥರು. ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಸನ್ಯಾಸ ಪಡೆದು, ಮುಳಬಾಗಿಲಿನಲ್ಲಿ ಶ್ರೀಪಾದರಾಯರ ಬಳಿ ಓದಿ, ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿ, 1539ರಲ್ಲಿ ತೀರಿಕೊಂಡ ಇವರ ಬೃಂದಾವನ ಆನೆಗೊಂದಿಯ ನವಬೃಂದಾವನದಲ್ಲಿದೆ. ಇವರ ಹೆಸರು ಹೊತ್ತ ಮಠ ನರಸೀಪುರ ತಾಲ್ಲೂಕಿನ ಸೋಸಲೆಯಲ್ಲಿದೆ. ‘ನ್ಯಾಯಾಮೃತ’, ‘ತರ್ಕತಾಂಡವ’, ‘ತಾತ್ಪರ್ಯಚಂದ್ರಿಕಾ’ ಎಂಬ ಇವರ ಮೂರು ಗ್ರಂಥಗಳನ್ನು ಒಟ್ಟಾಗಿ ವ್ಯಾಸತ್ರಯವೆಂದು ಕರೆಯುತ್ತಾರೆ.

ನ್ಯಾಯಾಮೃತದ ಮುಖ್ಯ ಗುರಿ ಅದ್ವೈತಿಗಳ ಮಿಥ್ಯಾತ್ವವಾದ. ಜಗತ್ತು ಮಿಥ್ಯೆ, ಏಕೆಂದರೆ ಅದು ಕಾಣಿಸಿಕೊಳ್ಳುವಂಥದು, ಜಡವಾದದ್ದು, ಎಲ್ಲೆಯುಳ್ಳದ್ದು. ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ಕಂಡ ಹಾಗೆ ಎಂಬುದು ಅದ್ವೈತಿಗಳ ಅನುಮಾನ. (ಇಲ್ಲಿ ಅನುಮಾನವೆಂದರೆ ಸಂಶಯವಲ್ಲ, ಒಂದು ಹೇತುವಿನ ಬಲದಿಂದ ಮತ್ತೊಂದನ್ನು ಸಾಧಿಸುವ ಕ್ರಮ.) ವ್ಯಾಸರಾಯರು ಮೊದಲು ಮಿಥ್ಯೆ ಎಂಬ ಮಾತಿಗೆ ಅದ್ವೈತಿಗಳು ಕೊಟ್ಟಿದ್ದ ಲಕ್ಷಣಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಒಂದೊಂದೂ ಎಲ್ಲಿ ಸಡಿಲವಾಗಿದೆ ಎಂದು ತೋರಿಸುತ್ತಾರೆ, ಬಳಿಕ ಆ ಮೂರು ಹೇತುಗಳನ್ನು ಜಾಲಿಸುತ್ತಾರೆ. ಇಷ್ಟೆಲ್ಲ ಸೂಕ್ಷ್ಮದ ಕೆಳಗೆ ಇರುವ ವಾದ ಮಾತ್ರ ಬಹಳ ಸರಳವಾದದ್ದು. ಎದುರಿಗಿರುವ ಮಡಕೆ ‘ಇದೆ’ ಎಂದು ಪ್ರತ್ಯಕ್ಷವು ತಿಳಿಸುತ್ತದೆ. ಯಾವ ಅನುಮಾನವೇ ಆಗಲಿ, ತನ್ನ ಹೇತುವನ್ನೂ ದೃಷ್ಟಾಂತವನ್ನೂ ಪ್ರತ್ಯಕ್ಷದಿಂದಲೇ ಪಡೆಯಬೇಕಾಗುತ್ತದೆ. ಪ್ರತ್ಯಕ್ಷವು ಅನುಮಾನಕ್ಕೆ ಉಪಜೀವ್ಯ, ಎಂದರೆ ಅನುಮಾನವು ಬದುಕಿಗಾಗಿ ಆಶ್ರಯಿಸಿಕೊಂಡಿರುವ ಆಧಾರ. ಹೀಗೆ ಉಣ್ಣುವ ಮನೆಯನ್ನೇ ಕೆಡವಲು ಹೊರಟ ಅನುಮಾನವು ಪ್ರಮಾಣವಾಗಿ ಉಳಿಯಲಾರದು. ಆಮೇಲೆ ಮಡಕೆ ನೀರನ್ನು ಹಿಡಿಯುತ್ತದೆ, ಬಟ್ಟೆ ಮೈ ಮುಚ್ಚುತ್ತದೆ. ಚಿಪ್ಪಿನ ಬೆಳ್ಳಿಯಿಂದ ಯಾರೂ ಬಳೆ ಮಾಡಿಸಿಕೊಂಡದ್ದಿಲ್ಲ. ವ್ಯಾಸರಾಯರು ಸೇರಿದ್ದ ಮಾಧ್ವ ಪಂಥವು ಎಣಿಸುವ ಪಂಚಭೇದದಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದ, ಎಂದರೆ ಮಡಕೆ ಬಟ್ಟೆಯಲ್ಲ ಎಂಬ ಅತಿ ಸಾಧಾರಣವಾದ ತಿಳಿವು, ಜೀವ-ಈಶ್ವರರ ಭೇದದ ಸಾಲಿನಲ್ಲೇ ನಿಲ್ಲುವುದನ್ನು ನೆನೆದರೆ, ಈ ದರ್ಶನವು ನಿತ್ಯದ ವಸ್ತುವಿಗೆ ಎಂಥ ಸ್ಥಾನ ಕೊಟ್ಟಿತೆಂಬುದು ತಿಳಿಯುತ್ತದೆ.

ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅದ್ವೈತವು ಮಡಕೆಯಿಂದ ನೀರು ತರುವುದನ್ನು ಅಲ್ಲಗಳೆಯುವುದಿಲ್ಲ. ಬ್ರಹ್ಮಜ್ಞಾನವಾಗುವವರೆಗೆ ಬಾಧೆಯಿಲ್ಲದೆ ನಡೆಯುವ ವ್ಯಾವಹಾರಿಕ ಸತ್ತೆಯನ್ನು, ಎಂದರೆ ಕೊಡುಕೊಳ್ಳುವ ಬದುಕಿಗೆ ಸಾಕಾಗುವಷ್ಟು ಇರವನ್ನು, ಅದಕ್ಕೆ ಕೊಟ್ಟೇ ಇದೆ. ಮಧುಸೂದನ ಸರಸ್ವತಿಯವರು ‘ಅದ್ವೈತಸಿದ್ಧಿ’ಯಲ್ಲಿ ನ್ಯಾಯಾಮೃತವನ್ನು ಹೆಜ್ಜೆಹೆಜ್ಜೆಗೂ ಹಿಂಬಾಲಿಸಿ ಉತ್ತರ ಕೊಟ್ಟರು, ಅದಕ್ಕೆ ಮಾಧ್ವರು ಮರುತ್ತರ ಬರೆದರು, ವಿವಾದ ಮುಗಿದಿಲ್ಲ.

ಪ್ರಸ್ತುತ ಪ್ರಶ್ನೆಗೆ ಮುಖ್ಯವಾದದ್ದು ಬೇರೆ. ಮಡಕೆಯ ಸತ್ಯತ್ವಕ್ಕಾಗಿ ಇಷ್ಟು ಹೋರಾಡಿದ ವ್ಯಾಸರಾಯರಿಗೆ ಮಡಕೆಯ ಮೇಲೆ ಪ್ರೀತಿ ಇತ್ತೇ? ಇತ್ತೆನ್ನಲು ಆಧಾರವಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಘಟವೂ ಪಟವೂ ಶತಮಾನಗಳಿಂದ ಕೈಬದಲಾಗಿ ಸವೆದ ದೃಷ್ಟಾಂತಗಳು; ಕುಂಬಾರನ ತಿಗರಿಯ ಮಣ್ಣು ಅವುಗಳಿಗೆ ಅಂಟಿಕೊಂಡಿಲ್ಲ. ವ್ಯಾಸರಾಯರ ವಿಚಾರ ಹುಟ್ಟಿದ್ದು ಹಿಂದಿನವರ ಗ್ರಂಥಗಳ ಎದುರಿನಲ್ಲಿ, ವಾದದ ಕಾವಿನಲ್ಲಿ. ಸನ್ಯಾಸಿಯಾದ ಅವರಿಗೆ ಆಶ್ರಮಧರ್ಮದ ಪ್ರಕಾರ ಕಮಂಡಲು, ಕಾವಿ ಬಟ್ಟೆಗಳಿಗಿಂತ ಹೆಚ್ಚಿನ ಪಾತ್ರೆಬಟ್ಟೆಗಳು ಇರತಕ್ಕದ್ದಲ್ಲ. ಹೀಗಾಗಿ ದೊಡ್ಡ ವಿಚಾರಕ್ಕೆ ವಸ್ತುವಿನ ಮೇಲಣ ಮೋಹವೇ ಮೂಲವೆಂಬ ಮಾತು ಮೊದಲ ಪರೀಕ್ಷೆಯಲ್ಲೇ ನಿಲ್ಲುವುದಿಲ್ಲ. ವಸ್ತುವನ್ನು ಹಗುರವಾಗಿ ತಳ್ಳಿಹಾಕಬಾರದೆಂಬ ಹಟವೊಂದು ವ್ಯಾಸರಾಯರಲ್ಲಿ ಇತ್ತು, ಆ ಹಟವೇ ಅವರ ತರ್ಕದ ಬೆನ್ನೆಲುಬು. ಆದರೆ ಹಟ ಬೇರೆ, ಮೋಹ ಬೇರೆ.

ಇದೇ ಗುರುವಿನ ಸುತ್ತ ಜನಮನವು ಹೆಣೆದಿರುವ ಕತೆಗಳು ಶಾಸ್ತ್ರದ ಮಡಕೆಗೆ ಇಲ್ಲದ ಮಣ್ಣಿನ ವಾಸನೆಯನ್ನು ಮರಳಿ ಕೊಡುತ್ತವೆ. ಯಾರೂ ಕಾಣದ ಕಡೆ ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟಾಗ, ದೇವರು ಕಾಣದ ಜಾಗವೇ ಸಿಕ್ಕಲಿಲ್ಲವೆಂದು ಕನಕದಾಸರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದ ಕತೆ ಕನ್ನಡ ಶಾಲೆಯ ಮಕ್ಕಳಿಗೆಲ್ಲ ಗೊತ್ತು. (ಅದು ಯಾವ ಜಾತಿಯ ಬಾಳೆಯೆಂದು ಕತೆ ಹೇಳುವುದಿಲ್ಲ, ರಸಬಾಳೆಯೇ ಇರಬೇಕೆಂದು ನಂಜನಗೂಡಿನವರು ವಾದಿಸಿದರೆ ಕ್ಷಮಿಸಬಹುದು.) ಇನ್ನೊಂದು ಕತೆ ಇದಕ್ಕಿಂತ ಆಳವಾದದ್ದು. ಕುರುಬರ ಕನಕ ಮಂತ್ರೋಪದೇಶ ಬೇಡಿದಾಗ, ನಿನಗೇನು ಮಂತ್ರ, ‘ಕೋಣ’ ಎಂದುಕೋ ಹೋಗು ಎಂಬರ್ಥದ ಮಾತು ಗುರುವಿನ ಬಾಯಿಂದ ಬಂದಿತಂತೆ. ಕನಕ ಅದನ್ನೇ ನಿಷ್ಠೆಯಿಂದ ಜಪಿಸಿದ. ಯಮನ ಕೋಣವೇ ಎದುರಿಗೆ ಬಂದು ನಿಂತಿತು. ವ್ಯಾಸರಾಯರು ಕಟ್ಟಿಸುತ್ತಿದ್ದ ವ್ಯಾಸಸಮುದ್ರವೆಂಬ ಕೆರೆಯ ಕೆಲಸಕ್ಕೆ ಅಡ್ಡವಾಗಿ, ಆಳುಗಳ ಕೈಗೆ ಜಗ್ಗದೆ ಬಿದ್ದಿದ್ದ ಬಂಡೆಯನ್ನು ಅದು ಸರಿಸಿಕೊಟ್ಟಿತು.

ಈ ಕತೆಯಲ್ಲಿ ಕೋಣದ ಮೇಲೆ ಯಾರಿಗೂ ಪ್ರೀತಿಯಿಲ್ಲ. ಹಳ್ಳಿಯ ಕೆಸರಿನಲ್ಲಿ ಬಿದ್ದಿರುವ ಪ್ರಾಣಿಯ ಹೆಸರು ಇಲ್ಲಿ ಬಂದದ್ದು ಹೀಯಾಳಿಕೆಗೆ. ಹೀಯಾಳಿಕೆಯನ್ನು ಮಂತ್ರವಾಗಿ ಮಾಡಿದ್ದು ಕನಕನ ಶ್ರದ್ಧೆ, ಎಂದರೆ ಕೊಟ್ಟದ್ದನ್ನು ಅರೆಮನಸ್ಸಿನಿಂದ ಹಿಡಿಯದೆ ಪೂರ್ತಿ ತೂಕ ಕೊಟ್ಟು ಹಿಡಿಯುವ ಮನಸ್ಸು. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ರಾಮನ ಸಭೆಯಲ್ಲಿ ಜಗಳ ನಡೆದು, ಸೆರೆಯಲ್ಲಿಟ್ಟರೂ ಕೆಡದ ರಾಗಿ ಗೆಲ್ಲುವುದನ್ನು ಓದಿದವರಿಗೆ, ಕೀಳೆಂದು ತಳ್ಳಲಾದ ವಸ್ತುವನ್ನು ವಾದಿಯ ಸ್ಥಾನದಲ್ಲಿ ನಿಲ್ಲಿಸುವುದು ಈ ಕವಿಯ ಬುದ್ಧಿಯ ಸಹಜವಾದ ನಡೆಯೆಂಬುದು ಹೊಳೆಯದಿರದು. ಗುರು ಮಡಕೆಯ ಪರವಾಗಿ ಸಂಸ್ಕೃತದಲ್ಲಿ ವಾದಿಸಿದರೆ, ಶಿಷ್ಯ ರಾಗಿಯ ಪರವಾಗಿ ಕನ್ನಡದಲ್ಲಿ ವಾದಿಸಿದ. ಎರಡನೆಯದರಲ್ಲಿ ವಾದಕ್ಕೆ ಹಸಿವೂ ಜಾತಿಯೂ ಸೇರಿಕೊಂಡಿವೆ, ಆದುದರಿಂದಲೇ ಅದು ಹೆಚ್ಚು ಜನರಿಗೆ ಮುಟ್ಟಿತು.

ಹಾಗಾದರೆ ವಸ್ತುವಿನೊಡನೆ ದಿನವೂ ಕೈಯಾಡಿಸಿ ಬದುಕುವವರ ವಿಚಾರವೇನು? 12ನೆಯ ಶತಮಾನದ ಶರಣರ ಕಾಯಕತತ್ತ್ವವು ಇದಕ್ಕೆ ನೇರವಾದ ಉತ್ತರ. ಕಾಯಕವೆಂದರೆ ಕೇವಲ ಹೊಟ್ಟೆಪಾಡಿನ ಕೆಲಸವಲ್ಲ, ಮೈಮುರಿದು ಮಾಡಿ ಬಂದದ್ದನ್ನು ಹಂಚಿಕೊಳ್ಳುವ ವ್ರತರೂಪದ ದುಡಿಮೆ. ಹಂಚಿಕೊಳ್ಳುವ ಆ ಕ್ರಮವೇ ದಾಸೋಹ. ನಂಜನಗೂಡು ತಾಲ್ಲೂಕಿನ ಕಪಿಲಾ ತೀರದ ಸುತ್ತೂರು ಮಠದ ಜಾತ್ರೆಯಲ್ಲಿ ಇಂದಿಗೂ ಆ ಮಾತು ಅನ್ನದ ರೂಪದಲ್ಲಿ ಬಳಕೆಯಲ್ಲಿದೆ. ಮಡಿವಾಳ ಮಾಚಯ್ಯ ಬಟ್ಟೆ ಒಗೆದ, ನುಲಿಯ ಚಂದಯ್ಯ ಹಗ್ಗ ಹೊಸೆದ, ಅಂಬಿಗರ ಚೌಡಯ್ಯ ದೋಣಿ ನಡೆಸಿದ. ಆದರೆ ಪ್ರಶ್ನೆಯ ಗಂಟು ಬಿಚ್ಚುವುದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗದಲ್ಲಿ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಲೆಗೇರಿಸುವುದಿಲ್ಲ. ಇಷ್ಟೊಂದು ಆಸೆ ನಮಗೇಕೆ, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎನ್ನುತ್ತಾಳೆ.

ಇಲ್ಲಿ ಇಬ್ಬರಿಗೂ ಅಕ್ಕಿಯ ಮೇಲೆ ಅಕ್ಕರೆಯಿದೆ. ನೆಲಕ್ಕೆ ಬಿದ್ದ ಕಾಳನ್ನು ಹಾಳಾಗಗೊಡದೆ ಬಗ್ಗಿ ಆಯುವುದೇ ಅಕ್ಕರೆ. ಆದರೆ ಮಾರಯ್ಯನ ಅಕ್ಕರೆ ಕೆಲಸದ ಭರದಲ್ಲಿ ಅರಿವಿಲ್ಲದೆಯೇ ಗಂಟು ದೊಡ್ಡದು ಮಾಡುವ ಕಡೆಗೆ ಹೊರಳಿತು. ಅಳತೆ ತಿಳಿದವಳು, ದಿನವೂ ಸೇರಿನಲ್ಲಿ ಅಳೆದು ಅಡುಗೆಗಿಡುವವಳು, ಮುಷ್ಟಿಯಷ್ಟು ವ್ಯತ್ಯಾಸವನ್ನೂ ಕೈಯಲ್ಲೇ ಗುರುತಿಸಿದಳು. ಆಸೆಗೂ ಕಾಯಕಕ್ಕೂ ನಡುವಿನ ಗೆರೆ ಎಂಬ ದೊಡ್ಡ ವಿಚಾರ ಹೊಳೆದದ್ದು ಅಕ್ಕಿಯನ್ನು ಪ್ರೀತಿಸಿದ್ದರಿಂದಲ್ಲ, ಅಕ್ಕಿಯ ಪ್ರಮಾಣದಲ್ಲಿ ಒಂದು ತೊಡಕು ಕಂಡು, ಆ ತೊಡಕನ್ನು ನೋಡಿಯೂ ನೋಡದಂತೆ ಇರಲಾಗದ್ದರಿಂದ. ಪ್ರೀತಿಯ ಪಾಲು ಇಷ್ಟೇ: ಅದು ಮನುಷ್ಯನನ್ನು ವಸ್ತುವಿನ ಹತ್ತಿರ ಬಹಳ ಕಾಲ ಇರಿಸುತ್ತದೆ, ತೊಡಕು ಬಂದಾಗ ಓಡಿಹೋಗಗೊಡುವುದಿಲ್ಲ. ವಿಚಾರ ಹುಟ್ಟುವುದು ತೊಡಕಿನಿಂದಲೇ. ಬಟ್ಟೆ ಒಗೆದವರೆಲ್ಲ ಮಾಚಯ್ಯನಾಗದೆ ಇರುವುದಕ್ಕೆ ಅವರಿಗೆ ಬಟ್ಟೆಯ ಮೇಲೆ ಪ್ರೀತಿ ಕಡಿಮೆಯಿತ್ತೆಂಬುದು ಕಾರಣವಲ್ಲ. ಅವರ ತೊಡಕನ್ನು ಕೇಳಿ ಮರುಮಾತು ಆಡುವ ಶರಣರ ಗೋಷ್ಠಿಯಂಥದೊಂದು ಸುತ್ತ ಇರಲಿಲ್ಲ.

ತೊಡಕಿನ ಈ ಮಾತಿಗೆ ಹತ್ತಿರದ ಕಾಲದ ಸಾಕ್ಷಿ ತಿರುಮಕೂಡಲು ಚೌಡಯ್ಯನವರ ಪಿಟೀಲು. ಸಂಗಮದ ದಂಡೆಯ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಕಠಿಣ ಶಿಕ್ಷಣದಲ್ಲಿ ಬೆಳೆದ ಚೌಡಯ್ಯನವರು ನುಡಿಸಲು ತೊಡಗಿದ ಕಾಲಕ್ಕೆ ಧ್ವನಿವರ್ಧಕ ಇನ್ನೂ ರೂಢಿಗೆ ಬಂದಿರಲಿಲ್ಲ. ಚಪ್ಪರದ ಕೊನೆಯಲ್ಲಿ ಕುಳಿತವರಿಗೆ ಮೃದಂಗ ಕೇಳುತ್ತಿತ್ತು, ಹಾಡುಗಾರನ ಕಂಠ ಕೇಳುತ್ತಿತ್ತು, ಪಿಟೀಲಿನ ನಾದ ಮಾತ್ರ ದಾರಿಯಲ್ಲೇ ಕರಗಿಹೋಗುತ್ತಿತ್ತು. 1927ರ ಸುಮಾರಿಗೆ ಅವರು ನಾಲ್ಕು ತಂತಿಗಳಲ್ಲಿ ಮೂರಕ್ಕೆ ಜೊತೆ ತಂತಿಗಳನ್ನು ಬಿಗಿದು ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಬಿರಡೆಗಳು ಹೆಚ್ಚಬೇಕು, ತಂತಿಗಳ ಭಾರಕ್ಕೆ ಕುದುರೆ ತಡೆಯಬೇಕು, ಎಲ್ಲಕ್ಕಿಂತ ಮಿಗಿಲಾಗಿ ಬೆರಳಿನ ಒಂದೇ ಒತ್ತು ಜೋಡಿ ತಂತಿಗಳೆರಡರ ಮೇಲೂ ಸಮವಾಗಿ ಬೀಳಬೇಕು. ಕೂದಲೆಳೆಯಷ್ಟು ತಪ್ಪಿದರೆ ಹೆಚ್ಚಿಸಹೊರಟ ನಾದವೇ ಅಪಸ್ವರವಾಗಿ ಎದುರು ನಿಲ್ಲುತ್ತದೆ. ತಮ್ಮ ಕೃತಿಗಳಿಗೆ ‘ತ್ರಿಮಕುಟ’ ಎಂಬ ಅಂಕಿತವನ್ನಿಟ್ಟು ಊರನ್ನು ನೆನೆದ ಚೌಡಯ್ಯನವರಿಗೆ 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಗೌರವ ಬಂದಿತು. ಧ್ವನಿವರ್ಧಕ ಬಂದ ಮೇಲೆ ಏಳು ತಂತಿಯ ಅಗತ್ಯ ತಗ್ಗಿತು. ಇಂದಿನ ಕಚೇರಿಗಳಲ್ಲಿ ಕಾಣುವುದು ಬಹುಮಟ್ಟಿಗೆ ನಾಲ್ಕು ತಂತಿಯ ಪಿಟೀಲೇ. ತೊಡಕು ತೀರಿದೊಡನೆ ಹಿಂದೆ ಸರಿಯುವ ವಿಚಾರವನ್ನು ಸಣ್ಣದೆನ್ನಬೇಕೆಂದೇನೂ ಇಲ್ಲ, ಆದರೆ ತೊಡಕು ಮನುಷ್ಯನ ಜೊತೆಗೇ ಉಳಿಯುವಂಥದಾದರೆ ವಿಚಾರವೂ ಉಳಿಯುತ್ತದೆ. ಲಕ್ಕಮ್ಮ ಕಂಡ ತೊಡಕು ಅಂಥದು.

ಇಷ್ಟರಿಂದ ನಿತ್ಯದ ಬದುಕಿಗೆ ಹತ್ತಿರವಿದ್ದಷ್ಟೂ ವಿಚಾರ ದೊಡ್ಡದಾಗುತ್ತದೆ ಎಂದು ತೀರ್ಮಾನಿಸಿದರೆ ಅವಸರವಾದೀತು. ನಿತ್ಯದ ವಸ್ತುಗಳ ಮಹಿಮೆಯನ್ನು ಹಾಡುವವರು ಅನೇಕ ವೇಳೆ ಅವುಗಳನ್ನು ತಿಕ್ಕಿ ತೊಳೆಯುವ ಪಾಲಿನಿಂದ ತಪ್ಪಿಸಿಕೊಂಡವರೇ ಆಗಿರುತ್ತಾರೆ. ಯಾರ ನಿತ್ಯ, ಆ ನಿತ್ಯವನ್ನು ಆರಿಸಿಕೊಂಡವರು ಯಾರು ಎಂದು ಕೇಳದೆ ಈ ಚರ್ಚೆ ಪೂರ್ತಿಯಾಗದು. ನಂಜನಗೂಡು ತಿರುಮಲಾಂಬಾ (1887–1982) ಅವರ ನಿತ್ಯ ಅವರು ಆರಿಸಿಕೊಂಡದ್ದಲ್ಲ. ಬಾಲ್ಯದಲ್ಲೇ ಮದುವೆಯಾಗಿ ಹದಿನಾಲ್ಕರ ಹರೆಯದಲ್ಲೇ ವೈಧವ್ಯ ಬಂದ ಮೇಲೆ ತಂದೆಯ ಮನೆಯೇ ಅವರ ಪ್ರಪಂಚವಾಯಿತು; ಅಲ್ಲಿಯೇ ಓದಿ, ನೆರೆಹೊರೆಯ ಹೆಂಗಸರನ್ನು ಕೂಡಿಸಿಕೊಂಡು ಓದಿ ಹೇಳಿ, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ಹೊರಡಿಸಿದರು. ಅದೇ 1913ರಲ್ಲಿ ಅದೇ ಊರಿನಲ್ಲಿ ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಆರಂಭವಾಗಿ, ಭತ್ತದ ಹೊಟ್ಟಿನ ಕರಿಯಿಂದ ಮಾಡಿದ ನಂಜನಗೂಡು ಹಲ್ಲುಪುಡಿ ಮನೆಮನೆಯ ಬಚ್ಚಲಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ಗ್ರಂಥಮಾಲೆ ಅಷ್ಟು ಜನರಿಗೆ ನೆನಪಿಲ್ಲ.

ಹೆಂಗಸೊಬ್ಬಳು ಬರೆದು, ಮುದ್ರಿಸಿ, ಹೆಂಗಸರಿಗೇ ತಲುಪಿಸಬಹುದೆಂಬ ತಿರುಮಲಾಂಬಾ ಅವರ ವಿಚಾರ ಆ ಕಾಲದ ಮೈಸೂರು ಸೀಮೆಗೆ ನಿಸ್ಸಂಶಯವಾಗಿ ದೊಡ್ಡದು, ಮತ್ತು ಅದು ಹುಟ್ಟಿದ್ದು ಮನೆಯೊಳಗಿನ ತೊಡಕಿನಿಂದಲೇ. ಆದರೆ ಅವರ ಬರಹದ ಒಳಗೆ ಆದರ್ಶವಾಗಿ ನಿಂತದ್ದು ಬಹುಮಟ್ಟಿಗೆ ಪಾತಿವ್ರತ್ಯವೇ. ಗ್ರಂಥಮಾಲೆಯ ಹೆಸರೇ ಅದನ್ನು ಸಾರುತ್ತದೆ. ತಮ್ಮನ್ನು ಮನೆಯೊಳಗೆ ಇರಿಸಿದ ಧರ್ಮವನ್ನು ಅವರು ಮುದ್ರಣಯಂತ್ರದ ಮೂಲಕ ಮೀರಿದರು, ಲೇಖನಿಯ ಮೂಲಕ ಎತ್ತಿಹಿಡಿದರು. ಇದನ್ನು ದೌರ್ಬಲ್ಯವೆಂದು ಈಗಿನವರು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಸನ್ಯಾಸಿಯು ಪಾತ್ರೆಗಳಿಂದ ದೂರ ನಿಂತಿದ್ದರಿಂದ ಅವುಗಳ ಇರವನ್ನು ನಿರಾಳವಾಗಿ ವಾದಿಸಬಲ್ಲವನಾದ. ಪಾತ್ರೆಗಳ ನಡುವೆಯೇ ಇಡೀ ದಿನ ಕಳೆಯಬೇಕಾದವರಿಗೆ, ಅವುಗಳನ್ನು ಅಲ್ಲಿ ಜೋಡಿಸಿಟ್ಟ ಕೈ ಯಾರದೆಂದು ಕೇಳಲು ಬೇಕಾಗುವ ದೂರವನ್ನು ಆ ಕಾಲ ಇನ್ನೂ ಕೊಟ್ಟಿರಲಿಲ್ಲ.